ಹಸುಗಳೇ ಮುಷ್ಕರ ಹೂಡಿದರೆ?

“ತುಂಟ ದನ, ಮೇಕೆ, ಕೋಳಿಗಳ ಚಿತ್ರಪುಸ್ತಕ ಓದಿ ಹೇಳಿದರೆ ಮಗು ಇನ್ನಷ್ಟು ತುಂಟತನ ಕಲಿಯೋದಿಲ್ವೆ?” ಇದು ತರೀಕೆರೆ ಕಡೆಯ ಸೋದರಿಯೊಬ್ಬರ ಪ್ರಶ್ನೆ. ಅವರ ಅತ್ತೆಯವರ ಆಕ್ಷೇಪವೂ ಇದೇ ಅಂತೆ.

ತುಂಟತನ ಪುಸ್ತಕದಿಂದಲೇ ಮನೆಗೆ ಬರಬೇಕೆ, ಸೋದರಿ? ಬೇಲಿ ನುಗ್ಗುವ ತೊಂಡು ದನ, ಒಣಹಾಕಿದ ಹಪ್ಪಳಕ್ಕೆ ಬಾಯಿ ಹಾಕುವ ಮೇಕೆ ಊರಿಗೆ ಹೊಸತಲ್ಲ. ಪಕ್ಕದ ಅಜ್ಜಂಪುರದ ಅಮೃತಮಹಲ್ ದನಗಳ ಚುರುಕು ನಿಮಗೆ ನಾನು ಹೇಳಬೇಕೆ! ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಇಲಿಗಳು ಇಡೀ ಊರನ್ನೇ ಗೋಳು ಹೊಯ್ದುಕೊಂಡವು. ಅದನ್ನು ಓದಿ ಬೆಳೆದ ನಾವ್ಯಾರೂ ಕಣಜ ಕೊರೆಯಲು ಹೋಗಲಿಲ್ಲ.

ಅಮೆರಿಕದ ಡೊರೀನ್ ಕ್ರೋನಿನ್ ಬರೆದು, ಬೆಟ್ಸಿ ಲೆವಿನ್ ಚಿತ್ರ ಬಿಡಿಸಿದ ಪುಸ್ತಕವೊಂದು 2000ದಲ್ಲಿ ಬಂತು. ಹೆಸರು ‘ಕ್ಲಿಕ್, ಕ್ಲ್ಯಾಕ್, ಮೂ’. ಹಸುಗಳಿಗೆ ಕೊಟ್ಟಿಗೆಯಲ್ಲಿ ಹಳೆಯ ಟೈಪ್‌ರೈಟರ್ ಸಿಗುತ್ತದೆ. ರಾತ್ರಿ ಚಳಿ, ಕರೆಂಟಿನ ಕಂಬಳಿ ಬೇಕು ಅಂತ ಯಜಮಾನನಿಗೆ ಕಾಗದ ಬರೆಯುತ್ತವೆ. ಅವನು ಒಪ್ಪದಿದ್ದಾಗ ಹಾಲು ಬಂದ್! ಕೋಳಿಗಳೂ ಸೇರಿಕೊಂಡು ಮೊಟ್ಟೆಯೂ ಬಂದ್! ಕೊನೆಗೆ ಟೈಪ್‌ರೈಟರ್ ಕೊಟ್ಟು ಕಂಬಳಿ ಪಡೆಯುವುದೆಂದು ರಾಜಿ. ಆದರೆ ಮಧ್ಯಸ್ಥಿಕೆಗೆ ಹೋದ ಬಾತುಕೋಳಿ ಟೈಪ್‌ರೈಟರನ್ನು ತಲುಪಿಸಿದರೆ ತಾನೆ? ಈಗ ಬಾತುಗಳ ಬೇಡಿಕೆ ಶುರು!

ದಿನವಿಡೀ “ಮುಟ್ಟಬೇಡ, ಓಡಬೇಡ” ಕೇಳುವ ಮಗುವಿಗೆ, ಯಜಮಾನನಿಗೇ “ಆಗೋಲ್ಲ” ಎನ್ನುವ ಹಸು ಕಂಡರೆ ಮನಸ್ಸು ಹಗುರಾಗುತ್ತೆ. ಇನ್ನೊಂದು ಗಮನಿಸಿ: ಆ ಹಸುಗಳು ಹಾಯಲಿಲ್ಲ, ಒದೆಯಲಿಲ್ಲ, ಬೇಕಾದ್ದನ್ನು ಬರೆದು ಕೇಳಿದವು. ನೆಲಕ್ಕೆ ಬಿದ್ದು ಹಟ ಮಾಡುವ ಮಗು ಬಾಯಿಬಿಟ್ಟು ಕೇಳುವುದನ್ನು ಕಲಿತರೆ ಲಾಭ ನಮಗೇ ಅಲ್ವೆ?

ಓದುವಾಗ ಅವಸರ ಬೇಡ. ಚಿತ್ರ ತೋರಿಸಿ, “ಮುಂದೇನಾಗುತ್ತೆ?” ಅಂತ ಕೇಳಿ. ಕೊನೆಗೆ “ಇದರ ನೀತಿಯೇನು?” ಎಂದು ಪರೀಕ್ಷೆ ಮಾತ್ರ ಮಾಡಬೇಡಿ, ನಗು ಅಲ್ಲಿಗೇ ಆರಿಹೋಗುತ್ತೆ. ನ್ಯಾಷನಲ್ ಬುಕ್ ಟ್ರಸ್ಟಿನ ‘ನೆಹರು ಬಾಲ ಪುಸ್ತಕಾಲಯ’ ಮಾಲೆಯ, ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಚಿತ್ರಪುಸ್ತಕಗಳು ಕನ್ನಡದಲ್ಲಿವೆ. ಪ್ರಥಮ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಮೊಬೈಲಿನಲ್ಲೇ ಕಾಸಿಲ್ಲದೆ ಓದಬಹುದು.

ಮನೆಯಲ್ಲೂ ಒಂದು ಪುಸ್ತಕ ಮಾಡಿ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿ ಹೊರಗೆ ಬರುವಂತೆ ಮಡಿಸಿ, ದಾರ ಹಾಕಿ ಹೊಲಿಯಿರಿ. ಚಿತ್ರ ಮಗುವೇ ಬಿಡಿಸಲಿ. ಅದು ಹೇಳಿದ ಮಾತನ್ನು ಅದರ ಬಾಯಿಮಾತಿನಲ್ಲೇ ಕೆಳಗೆ ಬರೆಯಿರಿ. ಹಪ್ಪಳ ಕದ್ದ ಮೇಕೆಯೇ ನಾಯಕಿಯಾಗಲಿ. ಕೋಲು ಹಿಡಿದು ಅದರ ಹಿಂದೆ ಓಡುವ ಪಾತ್ರ ಅತ್ತೆಯವರಿಗೆ ಕೊಡಿ. ಆಮೇಲೆ ಆಕ್ಷೇಪ ಎಲ್ಲಿಂದ ಬಂದೀತು!