ಮುನ್ಸೂಚನೆ ಮತ್ತು ಮುನ್ನೆಚ್ಚರಿಕೆ

ಮುನ್ಸೂಚನೆ ಮೋಡವನ್ನು ಕುರಿತ ಮಾತಾದರೆ, ಮುನ್ನೆಚ್ಚರಿಕೆ ಬೀದಿಯನ್ನು ಕುರಿತ ಮಾತು. ಮೊದಲನೆಯದು ನಿಖರವಾದರೆ ಎರಡನೆಯದು ತಾನಾಗಿಯೇ ಸಿದ್ಧಿಸುತ್ತದೆಂಬ ನಂಬಿಕೆಯನ್ನು ಪೂರ್ವ ಬೆಂಗಳೂರಿನ ಅನುಭವ ಸಮರ್ಥಿಸುವುದಿಲ್ಲ.

ಭಾರತೀಯ ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ ‘ಭಾರಿ ಮಳೆ’ ಎಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್‌ವರೆಗೆ ಸುರಿಯುವ ಮಳೆ. ಅದರ ಅಪಾಯವನ್ನು ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಜಿಲ್ಲಾವಾರು ಸೂಚಿಸಲಾಗುತ್ತದೆ. ಆದರೆ ಒಂದೇ ಪ್ರಮಾಣದ ಮಳೆ ಇಂದಿರಾನಗರದ ಏರುದಾರಿಯಲ್ಲಿ ಹರಿದುಹೋಗಿ, ಹೊರಮಾವಿನ ಸಾಯಿ ಲೇಔಟ್‌ನಂತಹ ತಗ್ಗಿನಲ್ಲಿ, 2025ರ ಮೇ ತಿಂಗಳಲ್ಲಿ ಆದಂತೆ, ಮನೆಯೊಳಕ್ಕೆ ನುಗ್ಗಬಲ್ಲದು. ಕೆರೆಯಿಂದ ಕೆರೆಗೆ ನೀರೊಯ್ಯುವ ರಾಜಕಾಲುವೆ ಎಲ್ಲಿ ಕಿರಿದಾಗಿದೆ, ಯಾವ ಅಡ್ಡರಸ್ತೆ ಮೊದಲು ಮುಳುಗುತ್ತದೆ ಎಂಬುದನ್ನು ಬಣ್ಣ ಹೇಳದು. ಅಲ್ಲಿಯ ನಿವಾಸಿಗಳು ಮಾತ್ರ ಹೇಳಬಲ್ಲರು. ಆದ್ದರಿಂದ ಎಚ್ಚರಿಕೆ ಮೇಲಿನಿಂದ ಇಳಿದುಬರುವಂತೆಯೇ ಸ್ಥಳೀಯ ತಿಳಿವಳಿಕೆ ಕೆಳಗಿನಿಂದ ಏರಿಹೋಗಬೇಕು.

ತಂತ್ರಜ್ಞಾನದ ಕೊರತೆ ಇಲ್ಲಿ ಮುಖ್ಯ ಅಡ್ಡಿಯಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಬೆಂಗಳೂರು ಮೇಘ ಸಂದೇಶ’ ಆ್ಯಪ್ ನಗರದ ಮಳೆಯ ಮಾಹಿತಿ ನೀಡುತ್ತದೆ. ಗೋಪುರದ ವ್ಯಾಪ್ತಿಯಲ್ಲಿರುವ ಮೊಬೈಲ್‌ಗಳಿಗೆಲ್ಲ ಏಕಕಾಲಕ್ಕೆ ಸಂದೇಶ ಮುಟ್ಟಿಸುವ ‘ಸೆಲ್ ಬ್ರಾಡ್‌ಕಾಸ್ಟ್’ ವ್ಯವಸ್ಥೆಯನ್ನು ರಾಜ್ಯದಲ್ಲಿ 2023ರ ಅಕ್ಟೋಬರ್ 12ರಂದು ಪರೀಕ್ಷಿಸಲಾಯಿತು. ಆದರೂ ಉರ್ದು, ತಮಿಳು, ಕನ್ನಡಗಳು ಬೆರೆತ ಶಿವಾಜಿನಗರ, ಹಲಸೂರುಗಳಲ್ಲಿ ಮತ್ತು ಹೊರರಾಜ್ಯಗಳ ಕಟ್ಟಡ ಕಾರ್ಮಿಕರು ಶೆಡ್ಡುಗಳಲ್ಲಿ ನೆಲೆಸಿರುವ ಕೆ.ಆರ್. ಪುರದಲ್ಲಿ ಸಂದೇಶ ತಲುಪುವುದು ಬೇರೆ, ಅರ್ಥವಾಗುವುದು ಬೇರೆ. ಮಸೀದಿ, ಚರ್ಚು, ದೇವಸ್ಥಾನಗಳ ಧ್ವನಿವರ್ಧಕ, ಪಡಿತರ ಅಂಗಡಿ, ಆಶಾ ಕಾರ್ಯಕರ್ತೆ, ಇವೆಲ್ಲವೂ ಪರಿಚಿತ ದನಿಗಳಾದ್ದರಿಂದ ಎಚ್ಚರಿಕೆಯ ಮಾಧ್ಯಮಗಳೂ ಆಗಬಲ್ಲವು.

ಪದೇ ಪದೇ ಎಚ್ಚರಿಸಿದರೆ ಜನ ಗಾಬರಿಯಾಗುತ್ತಾರೆ, ಇಲ್ಲವೇ ಉದಾಸೀನರಾಗುತ್ತಾರೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಬೆಂಗಳೂರಿನ 1898ರ ಪ್ಲೇಗ್ ಬೇರೊಂದು ಪಾಠವನ್ನು ಕಲಿಸುತ್ತದೆ: ಬ್ರಿಟಿಷ್ ಆಡಳಿತದ ದಂಡು ಪ್ರದೇಶದಲ್ಲೂ ಮೈಸೂರು ಸಂಸ್ಥಾನಕ್ಕೆ ಸೇರಿದ ಪೇಟೆಯಲ್ಲೂ ರೋಗದ ಭಯದ ಜೊತೆಗೆ ತಪಾಸಣೆ ಮತ್ತು ಪ್ರತ್ಯೇಕವಾಸದ ಭಯವೂ ಸೇರಿ, ಜನ ಊರು ಬಿಟ್ಟರು, ರೋಗಿಗಳನ್ನು ಬಚ್ಚಿಟ್ಟರು. ಕಾರಣ ತಿಳಿಸದೆ ಹೊರಡಿಸಿದ ಆಜ್ಞೆ ಅಪಾಯವನ್ನು ಮರೆಗೆ ತಳ್ಳುತ್ತದೆ. ಹುಸಿಯಾದ ಎಚ್ಚರಿಕೆಗೂ ಕಾರಣ ಹೇಳುವ ಆಡಳಿತದ ಮಾತಿಗೆ ಮುಂದಿನ ಸಲ ಬೆಲೆ ಉಳಿಯುತ್ತದೆ.

ಯಾವಾಗ ಹೊರಡಬೇಕು, ಯಾವ ದಾರಿಯಲ್ಲಿ ಹೋಗಬೇಕು, ನಡೆಯಲಾರದವರನ್ನು ಯಾರು ಕರೆದೊಯ್ಯುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡದ ಸಂದೇಶ, ಅದೆಷ್ಟೇ ವೇಗವಾಗಿ ತಲುಪಿದರೂ, ಮುನ್ನೆಚ್ಚರಿಕೆ ಎನಿಸಿಕೊಳ್ಳಲಾರದು.