ವಾಡೆ ಆಫೀಸಾಗಲಿ, ಆದ್ರ ಮಾಳಿಗಿ ಹತ್ತವ್ರು ಯಾರು?

ಹಳೇ ಮನೆ ಆಫೀಸಾದ್ರ ಮನೆತನದ ಮರ್ಯಾದಿ ಹೋಯ್ತು ಅಂತ ನಮ್ಮ ಕಡೆ ಹಿರಿಯರು ಮುಖ ಸಣ್ಣ ಮಾಡ್ತಾರ. ನಮಗೆ ಹಾಗನ್ನಿಸುವುದಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ನೋಡಿ. ಅದರ ಮುಖ್ಯ ಕಟ್ಟಡ ಒಂದು ಕಾಲಕ್ಕೆ ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಬಂಗಲೆ. 1950ರಲ್ಲಿ ಅಲ್ಲಿ ಸಂಶೋಧನಾಲಯ ಶುರುವಾಯಿತು. ಎಮ್ಮೆ ಹಾಲಿನಿಂದ ಕೂಸಿನ ಆಹಾರ ಮಾಡುವ ವಿಧಾನ ಕಂಡುಹಿಡಿದದ್ದು ಇದೇ ಸಂಸ್ಥೆ. ಬಂಗಲೆಯ ಮರ್ಯಾದೆ ಎಲ್ಲಿ ಹೋಯಿತು?

ಆದರೆ ಅದಕ್ಕೆ ಸರ್ಕಾರ ಬೆನ್ನಿಗಿತ್ತು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ವಾಡೆಗಳಿಗೆ ಯಾರಿದ್ದಾರ? ಮಕ್ಕಳು ಹುಬ್ಬಳ್ಳಿ, ಬೆಂಗಳೂರು ಸೇರಿದ ಮೇಲೆ ಮುಂದಿನ ಪಡಸಾಲಿ ಬಾಡಿಗೆಗೆ ಹೋಗುತ್ತದೆ. ಒಂದು ಕಡೆ ಸೊಸೈಟಿ, ಒಂದು ಕಡೆ ವಕೀಲರ ಆಫೀಸು, ಇನ್ನೊಂದು ಕಡೆ ಝೆರಾಕ್ಸ್ ಅಂಗಡಿ. ಬಾಡಿಗೆ ಬರ್ತದ, ಚಲೋನ ಆಯ್ತು. ತೊಂದರೆ ಇರುವುದು ಮ್ಯಾಲೆ.

ಈ ಮನೆಗಳ ಜೀವ ಮಾಳಿಗಿ. ಸಾಗವಾನಿ ತೊಲಿ, ಅದರ ಮ್ಯಾಲೆ ಜಂತಿ, ಅದರ ಮ್ಯಾಲೆ ಹಲಗಿ ಅಥವಾ ಕಟ್ಟಿಗಿ ಚೂರು, ಕಡೀಕ ದಪ್ಪನೆಯ ಮಣ್ಣು. ಮೇಲ್ಪದರಕ್ಕೆ ಕರಲು ಮಣ್ಣು. ಬೆಳೆ ಬರಲಿಕ್ಕೆ ನಾಲಾಯಕ್ ಆದ ಈ ಸವಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದರೆ ಅದರ ಜೇಡಿ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ, ನೀರು ಕೆಳಗೆ ಇಳಿಯುವುದಿಲ್ಲ. ಜಿಯೋಟೆಕ್ನಿಕಲ್ ಪೇಪರಿನಲ್ಲಿ ಡಿಸ್ಪರ್ಸಿವ್ ಕ್ಲೇ ಅಂತ ಓದಿ ಐದು ಮಾರ್ಕ್ಸ್ ತಗೋತೀವಲ್ಲ, ಅದನ್ನು ನಮ್ಮ ಅಜ್ಜಂದಿರು ಬುಟ್ಟಿಯಲ್ಲಿ ಹೊತ್ತು ಮಾಳಿಗಿಗೆ ಹಾಕುತ್ತಿದ್ದರು. ಆದರೆ ಮಳೆಗಾಲಕ್ಕೆ ಮೊದಲು ಮತ್ತೆ ಮಣ್ಣು ಹಾಕಲೇಬೇಕು. ಬಾಡಿಗೆದಾರ ಹಾಕುವುದಿಲ್ಲ, ಮಾಲೀಕ ಊರಲ್ಲಿಲ್ಲ.

ಬದಲಿಗೆ ಏನು ಮಾಡ್ತಾರ? ಫಾಲ್ಸ್ ಸೀಲಿಂಗ್ ಹೊಡಿತಾರ. ಸೋರುವುದು ಕಾಣುವುದಿಲ್ಲ, ತೊಲಿ ಒಳಗೊಳಗೇ ಕೊಳೆಯುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿತಾರ, ಒಳಗಿನ ತೇವ ಹೊರಗೆ ಬರಲಿಕ್ಕೆ ದಾರಿ ಇಲ್ಲದೆ ಗೋಡೆ ಮೆತ್ತಗಾಗುತ್ತದೆ. ಅಡಿಪಾಯದ ಕೆಳಗಂತೂ ಎರಿ ಮಣ್ಣು, ಮಳೆಗೆ ಉಬ್ಬಿ ಬ್ಯಾಸಗಿಗೆ ಬಿರಿಯುವಂಥದ್ದು. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಮಣ್ಣಿನ ಮನೆಗಳು ಬಿದ್ದಾಗ "ಮಣ್ಣಿನ ಮನಿ ಅಂದ್ರ ಇಷ್ಟ" ಅಂದವರೇ ಬಹಳ. ಅದೇ ವರ್ಷ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಕಟ್ಟುತ್ತಿದ್ದ ಕಾಂಕ್ರೀಟ್ ಕಟ್ಟಡವೇ ಕುಸಿದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದಕ್ಕೆ ಯಾರೂ "ಕಾಂಕ್ರೀಟ್ ಅಂದ್ರ ಇಷ್ಟ" ಅನ್ನಲಿಲ್ಲ.

ಕುಂದಗೋಳದ ನಾಡಗೀರ ವಾಡೆಯ ಕಥೆ ಬೇರೆ. ಸವಾಯಿ ಗಂಧರ್ವರ ಊರದು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಹೋಗುತ್ತಿದ್ದದ್ದು, ಭೀಮಸೇನ ಜೋಶಿ ಇದ್ದು ಕಲಿತದ್ದು ಆ ಊರಲ್ಲೇ. ಗುರುಗಳ ನೆನಪಿಗೆ ವರ್ಷಾ ವರ್ಷಾ ವಾಡೆಯಲ್ಲಿ ಸಂಗೀತ ನಡೆಯುತ್ತದೆ. ಕೇಳುವ ಜನ ಅಲ್ಲಿಗೆ ಬರುತ್ತಾರೆ, ಅದಕ್ಕೇ ಆ ವಾಡೆಯನ್ನು ಯಾರೂ ಮರೆತಿಲ್ಲ. ಎಲ್ಲ ವಾಡೆಗಳಿಗೂ ಸಂಗೀತ ಎಲ್ಲಿಂದ ತರೋಣ? ಉಳಿದವಕ್ಕೆ ಆಫೀಸೇ ಗತಿ, ಆಗಲಿ. ಆದರೆ ಬಾಡಿಗೆ ಕರಾರಿನಲ್ಲಿ ಒಂದು ಸಾಲು ಇರಬೇಕು: ಮಾಳಿಗಿಗೆ ವರ್ಷಕ್ಕೊಮ್ಮೆ ಮಣ್ಣು ಯಾರು ಹಾಕಿಸಬೇಕು, ದುಡ್ಡು ಯಾರದು ಅಂತ.

ನಾವು ಮಾಡಬಹುದಾದದ್ದೂ ಐತಿ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ 1887ರ ಲೋ ಹೌಸ್ ಅಂತ ಒಂದು ಮನೆ ಇತ್ತು, ಮೈತುಂಬ ಮರದ ಚಕ್ಕೆ ಹೊದ್ದದ್ದು. ವಾಸ್ತುಶಿಲ್ಪದ ಪುಸ್ತಕಗಳಲ್ಲಿ ಇಂದಿಗೂ ಅದರ ಫೋಟೋ ಇರುತ್ತದೆ. ಮನೆ ಮಾತ್ರ 1962ರಲ್ಲೇ ನೆಲಸಮ. ನಮ್ಮ ವಾಡೆಗಳದ್ದು ಎಷ್ಟಕ್ಕೆ ಅಳತೆ ನಕ್ಷೆ ಐತಿ? ಸಿವಿಲ್‌ನವರು ಪ್ರಾಜೆಕ್ಟ್ ಅಂತ ಹೇಳಿ ಮತ್ತದೇ ಐದಂತಸ್ತಿನ ಅಪಾರ್ಟ್‌ಮೆಂಟ್ ಸ್ಟಾಡ್‌ನಲ್ಲಿ ಓಡಿಸೋದು ಬಿಟ್ಟು ಒಂದು ವಾಡೆ ಅಳೀರಿ. ಉಳಿದ ಬ್ರಾಂಚ್‌ನವರೂ ಬರ್ರಿ, ಟೇಪ್ ಹಿಡಿಯಲಿಕ್ಕೆ ಜನ ಬೇಕು. ಮೇ ತಿಂಗಳಲ್ಲಿ ಹೋದರೆ ಮಣ್ಣು ಹೊರಲಿಕ್ಕೂ ಬೇಕಾಗ್ತಾರ.