ಗುಳ್ಳೆ ಮಾಡುವ ಕೆಲಸ

ಕಾಫಿಗೆ ಸಕ್ಕರೆ ಹಾಕಿ ಕಲಕದೆ ಬಿಟ್ಟರೆ ಏನಾಗುತ್ತದೆ? ಸಕ್ಕರೆ ತಳದಲ್ಲೇ ಕೂರುತ್ತದೆ. ಮನೆಯಲ್ಲಿ ಸರ್ಕ್ಯೂಟ್ ಬೋರ್ಡ್ ತಯಾರಿಸುವ ವಿದ್ಯಾರ್ಥಿಗಳ ತೊಂದರೆಯೂ ಹೆಚ್ಚುಕಡಿಮೆ ಇದೇ.

ತಾಮ್ರದ ಹಾಳೆ ಅಂಟಿಸಿದ ಬೋರ್ಡಿನ ಮೇಲೆ ಅಳಿಸದ ಶಾಯಿಯಿಂದ ಗೆರೆ ಎಳೆದು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದರೆ, ಶಾಯಿಯಿಲ್ಲದ ಕಡೆಯ ತಾಮ್ರ ಕರಗುತ್ತದೆ. ಆದರೆ ತಾಮ್ರವನ್ನು ತಾಗಿದ ದ್ರಾವಣ ಬೇಗ ಶಕ್ತಿಗುಂದುತ್ತದೆ. ಅದು ಸರಿದು ಹೊಸದು ಬಾರದಿದ್ದರೆ ಕೆಲಸ ನಿಧಾನ. ಒಂದು ಕಡೆ ತಾಮ್ರ ಉಳಿದಿರುವಾಗಲೇ ಇನ್ನೊಂದು ಕಡೆ ಶಾಯಿಯ ಅಡಿಯೂ ಕೊರೆದು, ತೆಳು ಗೆರೆ ತುಂಡಾಗುತ್ತದೆ.

ಇಲ್ಲಿ ಚಮಚದ ಕೆಲಸ ಮಾಡುವುದು ಮೀನಿನ ತೊಟ್ಟಿಯ ಪುಟ್ಟ ಏರ್ ಪಂಪು. ಗಾಂಧಿ ಬಜಾರಿನಿಂದ ಎತ್ತರದ ಪ್ಲಾಸ್ಟಿಕ್ ಡಬ್ಬಿ ತನ್ನಿ. ಲೋಹದ ಪಾತ್ರೆ ಬೇಡ. ತಳದಲ್ಲಿ ಸಣ್ಣ ತೂತುಗಳ ಪ್ಲಾಸ್ಟಿಕ್ ಕೊಳವೆ ಇರಿಸಿ, ಬೋರ್ಡನ್ನು ನೆಟ್ಟಗೆ ನಿಲ್ಲಿಸಿ. ಮೇಲೇಳುವ ಗುಳ್ಳೆಗಳು ದ್ರಾವಣವನ್ನು ಸದಾ ಕದಡುತ್ತವೆ.

ಪಂಪು ದ್ರಾವಣದ ಮಟ್ಟಕ್ಕಿಂತ ಮೇಲಿರಲಿ. ಕೆಳಗಿದ್ದರೆ, ಕರೆಂಟು ಹೋದಾಗ ದ್ರಾವಣ ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೇ ನುಗ್ಗೀತು!

ತಂದೆತಾಯಿಯರಿಗೊಂದು ಮಾತು. ಗುಳ್ಳೆ ಒಡೆದಾಗ ಸೂಕ್ಷ್ಮ ಹನಿಗಳು ಸಿಡಿಯುತ್ತವೆ. ಡಬ್ಬಿಗೆ ಸಡಿಲ ಮುಚ್ಚಳ, ಮಕ್ಕಳಿಗೆ ರಕ್ಷಣೆಯ ಕನ್ನಡಕ, ಕೈಗವಸು ಇರಲಿ, ಕಿಟಕಿ ತೆರೆದಿರಲಿ, ನೀವೂ ಜೊತೆಗಿರಿ. ಬಳಸಿದ ದ್ರಾವಣದಲ್ಲಿ ಕರಗಿದ ತಾಮ್ರವಿರುತ್ತದೆ, ಅದು ಮೀನುಗಳಿಗೆ ವಿಷ. ಚರಂಡಿಗೆ ಸುರಿಯದೆ ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ, ಹೆಸರು ಬರೆದಿಡಿ. ವಿಲೇವಾರಿಗೆ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರನ್ನು ಕೇಳಿ. ನಮ್ಮದು ತುಂಗೆಯ ದಡದ ಊರು. ಮೀನಿನ ತೊಟ್ಟಿಯಿಂದ ಪಂಪು ಎರವಲು ಪಡೆದವರು ಹೊಳೆಯ ಮೀನನ್ನು ಮರೆಯಬಹುದೇ?